ತುದಿಯಿಂದ ಚಾಲೂ ಆದ ಫೀಡರ್

ಫೆಬ್ರುವರಿಯ ಮೊದಲ ಸೋಮವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನವಲಗುಂದ ತಾಲೂಕಿನ ಒಂದು ಸಬ್‌ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ನಾಲ್ವರು ಹಾಜರಿದ್ದೆವು: ವಿದ್ಯುತ್ ಕಂಪನಿಯ ಶಾಖಾಧಿಕಾರಿಣಿ, ಆ ಪಾಳಿಯ ಆಪರೇಟರ್, ಲೈನ್‌ಮನ್ ಮತ್ತು ನಾನು.

ನಾನು ಇಂಥದೇ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತನಾದವನು. ಕಾಂಪೌಂಡಿನ ಆಚೆ ಎರೆಹೊಲದಲ್ಲಿ ಹೊಸದಾಗಿ ಎದ್ದ ಸೋಲಾರ್ ಪ್ಲಾಂಟಿನವರು ಆರು ತಿಂಗಳ ಮಟ್ಟಿಗೆ ನನ್ನನ್ನು ಕರೆದಿದ್ದರು. ಪ್ಲಾಂಟು, ಸಬ್‌ಸ್ಟೇಷನ್ನು, ರೈತರು, ಈ ಮೂವರ ನಡುವೆ ನಿಂತು ಒಂದು ಫೀಡರನ್ನು ಹಗಲಿಗೆ ಒಗ್ಗಿಸುವುದು ನನ್ನ ಕೆಲಸ.

ಫೀಡರ್ ಎಂದರೆ ಸಬ್‌ಸ್ಟೇಷನ್ನಿನಿಂದ ಹೊರಟು ಹೊಲಗಳ ನಡುವೆ ಒಂಬತ್ತು ಕಿಲೋಮೀಟರ್ ಓಡಿ ಹಳ್ಳದ ದಂಡೆಯಲ್ಲಿ ಮುಗಿಯುವ ಹನ್ನೊಂದು ಕೆ.ವಿ. ಲೈನು. ಅದರ ಮೇಲೆ ಇನ್ನೂರಾ ಹದಿನಾಲ್ಕು ಪಂಪುಗಳು. ಕೆಲವು ಹಳ್ಳದಿಂದ, ಕೆಲವು ಕೃಷಿಹೊಂಡದಿಂದ, ಕೆಲವು ಬೋರಿನಿಂದ ನೀರೆತ್ತುವಂಥವು. ಅಲ್ಲಿಯವರೆಗೆ ಈ ಪಂಪುಗಳಿಗೆ ತ್ರೀ ಫೇಸ್ ಕರೆಂಟನ್ನು ಎರಡು ಭಾಗ ಮಾಡಿ ಕೊಡುತ್ತಿದ್ದರು. ಅರ್ಧ ಪಂಪುಗಳಿಗೆ ಹಗಲು, ಅರ್ಧಕ್ಕೆ ರಾತ್ರಿ, ವಾರಕ್ಕೊಮ್ಮೆ ಅದಲುಬದಲು. ನಮ್ಮ ಕಾಲದಲ್ಲಿ ಮಿಗುತ್ತಿದ್ದ ಕರೆಂಟು ರಾತ್ರಿಯದು, ಆದ್ದರಿಂದ ರೈತನಿಗೆ ರಾತ್ರಿ. ಈಗ ಸೋಲಾರ್ ಬಂದು ಲೆಕ್ಕ ತಿರುಗಿದೆ. ಮಿಗುವುದು ಹಗಲಿನದು. ಎಲ್ಲ ಇನ್ನೂರಾ ಹದಿನಾಲ್ಕಕ್ಕೂ ಹಗಲು ಒಂಬತ್ತರಿಂದ ನಾಲ್ಕರವರೆಗೆ ಒಟ್ಟಿಗೇ ಕೊಡಬೇಕೆಂಬುದು ಹೊಸ ಯೋಜನೆ.

ಶಾಖಾಧಿಕಾರಿಣಿ ನಿಂತುಕೊಂಡೇ ಕರಾರು ಹೇಳಿದರು.

"ನೋಡ್ರಿ, ಈ ವಾರದಾಗ ಸತತ ಮೂರು ದಿವಸ ಒಂದೂ ಟ್ರಿಪ್ ಇಲ್ಲದ ಈ ಫೀಡರ್ ನಿಲ್ಲಬೇಕು. ಶನಿವಾರ ನಾಕಕ್ಕ ನಾ ಸಹಿ ಮಾಡಬೇಕು. ನಿಲ್ಲಲಿಲ್ಲಂದ್ರ ಹಗಲು ಬಾಜೂ ಫೀಡರಿಗೆ ಹೋಗ್ತೈತಿ, ಅವರು ಕಾಯಾಕತ್ತಾರ. ಇವರು ಮತ್ತ ರಾತ್ರಿಗೆ."

ಒಂಬತ್ತಕ್ಕೆ ಸರಿಯಾಗಿ ಆಪರೇಟರ್ ಬ್ರೇಕರ್ ಹಾಕಿದ. ಅಮ್ಮೀಟರಿನ ಮುಳ್ಳು ಒಮ್ಮೆಲೇ ಕೊನೆಗೆ ಹೋಗಿ ಬಡಿದು ಅಲ್ಲೇ ನಡುಗುತ್ತ ನಿಂತಿತು. ತಲೆಯ ಮೇಲಿನ ಟ್ಯೂಬ್‌ಲೈಟ್ ಮಂಕಾಯಿತು. ಎರಡು ಸೆಕೆಂಡು ಆಗಿರಬಹುದು, ಧಡ್ ಎಂದು ಬ್ರೇಕರ್ ಬಿದ್ದಿತು. ರಿಲೇ ತೋರಿಸಿದ ಕಾರಣ: ಮಿತಿ ಮೀರಿದ ಕರೆಂಟ್. ಅದರ ಹಿಂದೆಯೇ ಸೋಲಾರ್ ಪ್ಲಾಂಟೂ ಸುಮ್ಮನಾಯಿತು. ಅಲ್ಲಿನ ಇನ್ವರ್ಟರುಗಳು ಹಾಗೇ. ವೋಲ್ಟೇಜ್ ಕುಸಿದರೆ ತಾವಾಗಿ ಬೇರ್ಪಟ್ಟು ನಿಲ್ಲುತ್ತವೆ. ಎಲ್ಲ ಸರಿಹೋದ ಮೇಲೂ ಐದು ನಿಮಿಷ ಕಾದು ನೋಡಿಯೇ ಮತ್ತೆ ಕೂಡಿಕೊಳ್ಳುತ್ತವೆ. ಈ ಶಿಸ್ತು ನನಗೆ ಹಿಡಿಸಿತು. ಆದರೆ ಅಂದು ಅದರಿಂದ ಉಪಯೋಗವಾಗಲಿಲ್ಲ. ಒಂಬತ್ತೂ ಇಪ್ಪತ್ತಕ್ಕೆ ಮತ್ತೆ ಹಾಕಿದೆವು. ಮತ್ತೆ ಅದೇ ಮುಳ್ಳು, ಅದೇ ಧಡ್.

ಆಪರೇಟರ್ ಮೂರನೆಯ ಸಲ ಕೈ ಹಾಕಲು ಹೋದ. ನಾನು ಬೇಡವೆಂದೆ. ಎರಡು ಸಲ ಬಿದ್ದ ಲೈನನ್ನು ಕಣ್ಣಿಂದ ನೋಡದೆ ಮೂರನೆಯ ಸಲ ಹಾಕಬಾರದು. ಲೈನ್‌ಮನ್ ಮತ್ತು ನಾನು ಲೈನ್ ನೋಡಲು ಹೊರಟೆವು.

ಕಾಂಪೌಂಡಿಗೆ ಅಂಟಿಕೊಂಡಿರುವುದೇ ಫೀಡರಿನ ಮೊದಲ ಹೊಲ. ಅದರ ರೈತ ಬದುವಿನ ಮೇಲೆ ಕುಳಿತು ನಮ್ಮನ್ನೇ ಕಾಯುತ್ತಿದ್ದ. ನಲವತ್ತೈದರ ಆಳು, ಬಾಯಿ ಜೋರು.

"ಏನ್ ಚಾಚಾ, ಎರಡು ಸರ್ತಿ ಎದ್ದು ಎರಡು ಸರ್ತಿ ಬಿದ್ರಲ್ಲ? ನಿಮ್ಮ ಸೂರ್ಯಾಗ ಮಣಕಾಲ ನೋವೇನು?"

"ಸೂರ್ಯಾ ಬರೊಬ್ಬರಿ ಅದಾನ. ಲೈನ್ ನೋಡಾಕ ಹೊಂಟೀವಿ."

"ನೋಡ್ರಿ ನೋಡ್ರಿ. ಸಂಜಿತನಾ ಕಂಬ ಎಣಸ್ರಿ. ಸಂಬಳ ಅದಕ್ಕ ಅಲ್ಲ?"

ಒಂಬತ್ತು ಕಿಲೋಮೀಟರ್ ನಡೆದೆವು. ಎರೆಮಣ್ಣು ಆಗಲೇ ಬಿರುಕು ಬಿಡಲು ಶುರುವಾಗಿತ್ತು. ಕಂಬ ಕಂಬಕ್ಕೂ ನಿಂತು ಪಿನ್ನು, ಜಂಪರು, ತಂತಿಯ ಜೋಲು ನೋಡಿದೆವು. ಕೊಂಬೆ ತಾಗಿದ್ದಿಲ್ಲ, ಹಕ್ಕಿ ಸತ್ತಿದ್ದಿಲ್ಲ, ಪಿಂಗಾಣಿ ಒಡೆದಿದ್ದಿಲ್ಲ. ಲೈನಿನಲ್ಲಿ ತಪ್ಪಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಲೈನ್‌ಮನ್ ನೀರು ಕುಡಿಯಲೆಂದು ಒಂದು ಪಂಪಿನ ಮನೆಯ ನೆರಳಿಗೆ ಸರಿದ. ನಾನು ಸುಮ್ಮನೆ ನಿಲ್ಲಲಾರದೆ ಅಲ್ಲಿದ್ದ ಸ್ಟಾರ್ಟರ್ ಪೆಟ್ಟಿಗೆ ತೆರೆದೆ. ಸ್ಟಾರ್ಟರಿನ ಮಗ್ಗುಲಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿಯೊಂದನ್ನು ಕೂರಿಸಿ ಎರಡು ವೈರು ಎಳೆದಿದ್ದರು. ಪಕ್ಕದ ಹೊಲದ ಪೆಟ್ಟಿಗೆಯನ್ನೂ ತೆರೆದೆ. ಅಲ್ಲಿಯೂ ಅದೇ. ಹಿಂತಿರುಗುವ ದಾರಿಯಲ್ಲಿ ಇಪ್ಪತ್ತಾರು ಪೆಟ್ಟಿಗೆ ತೆರೆದೆವು. ಇಪ್ಪತ್ನಾಲ್ಕರಲ್ಲಿ ಆ ಡಬ್ಬಿ ಇತ್ತು.

ಅದನ್ನು ರೈತರು 'ಆಟೋ' ಎನ್ನುತ್ತಾರೆ. ಕರೆಂಟ್ ಬಂದ ಕೂಡಲೇ ಅದು ತಾನಾಗಿಯೇ ಮೋಟಾರು ಚಾಲೂ ಮಾಡುತ್ತದೆ. ಯಾವ ಹೊತ್ತಿಗೆ ಬರುತ್ತದೆಂದು ತಿಳಿಯದ ಕರೆಂಟಿಗಾಗಿ ಹೊಲದಲ್ಲಿ ಎದ್ದು ಕೂರಲು ಯಾರಿಗೆ ಆಗುತ್ತದೆ? ಮನೆಯಲ್ಲಿ ಮಲಗಿರುತ್ತಾರೆ, ಮೋಟಾರು ತಾನೇ ಎದ್ದಿರುತ್ತದೆ. ಆ ಡಬ್ಬಿಯನ್ನು ಹುಟ್ಟಿಸಿದವರು ಅಂಗಡಿಯವರಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ ಬ್ರೇಕರ್ ಹಾಕುತ್ತಿದ್ದ ನಾವು.

ಮೋಟಾರು ಓಡುವಾಗ ಕುಡಿಯುವ ಕರೆಂಟಿನ ಐದಾರು ಪಟ್ಟು ಏಳುವಾಗ ಕುಡಿಯುತ್ತದೆ. ಅರ್ಧ ಪಂಪುಗಳು ಎದ್ದಾಗ ರಿಲೇ ಹೇಗೋ ತಡೆದುಕೊಳ್ಳುತ್ತಿತ್ತು. ಇನ್ನೂರೂ ಒಂದೇ ಕ್ಷಣಕ್ಕೆ ಎದ್ದರೆ ಬೀಳುವುದೇ ಅದರ ಕೆಲಸ.

ಲೈನ್‌ಮನ್ ಒಂದು ಅಡ್ಡದಾರಿ ಸೂಚಿಸಿದ. "ಚಾಚಾ, ನಡುವ ಮೂರು ಕಡೆ ಹ್ಯಾಂಡಲ್ ಸ್ವಿಚ್ ಅದಾವಲ್ರಿ. ಮೂರೂ ಬಿಚ್ಚಿ ಇಡೂಣು. ಮೊದಲ ತುಂಡು ಎದ್ದ ಮ್ಯಾಲ ಒಂದೊಂದ ಹಾಕ್ಕೋಂತ ಹೋಗೂಣು. ಯಾರನ್ನೂ ಕೇಳೂದಿಲ್ಲ, ಹೇಳೂದಿಲ್ಲ."

"ಐವತ್ತು ಮೋಟಾರಿನ ಲೋಡ್ ಮ್ಯಾಲ ಆ ಹ್ಯಾಂಡಲ್ ಎತ್ತಾವ ಯಾರು?"

"ನಾನ ಎತ್ತತೇನಿ."

"ಮ್ಯಾಲಿಂದ ಬೆಂಕಿ ಬಿದ್ರ?"

ಆ ಸ್ವಿಚ್ಚು ಕರೆಂಟ್ ಇಲ್ಲದಾಗ ಹಾಕುವುದಕ್ಕೆ ಮಾಡಿದ್ದು. ಆ ಮಾತು ಅಲ್ಲಿಗೇ ಮುಗಿಯಿತು. ಉಳಿದ ದಾರಿ ಒಂದೇ: ಆಟೋ ಬಂದ್ ಮಾಡಿಸಿ, ರೈತರು ತಾವಾಗಿ ಗುಂಪುಗುಂಪಾಗಿ, ಹತ್ತು ಹತ್ತು ನಿಮಿಷ ಬಿಟ್ಟು ಮೋಟಾರು ಹಾಕುವಂತೆ ಮಾಡಬೇಕು. ಎದ್ದ ಮೇಲೆ ಎಲ್ಲವೂ ನಾಲ್ಕರವರೆಗೆ ಕೂಡಿಯೇ ಓಡುತ್ತವೆ.

ಸಂಜೆ ನೋಟೀಸು ಬರೆದೆ. ಫೀಡರನ್ನು ನಾಲ್ಕು ಭಾಗ ಮಾಡಿ, ಎಲ್ಲಿಂದ ಎಲ್ಲಿಯವರೆಗೆ ಯಾವ ಭಾಗ ಎಂದು ಗುರುತು ಕೊಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿದ್ದೆ: "ಎಲ್ಲ ರೈತರು ಆಟೋ ಬಂದ್ ಇಟ್ಟು ಪಾಳಿ ಪ್ರಕಾರ ಮೋಟಾರು ಚಾಲೂ ಮಾಡತಕ್ಕದ್ದು." ಸಬ್‌ಸ್ಟೇಷನ್ನಿಗೆ ಹತ್ತಿರದವರು ಮೊದಲ ಪಾಳಿ, ಹಳ್ಳದ ದಂಡೆಯವರು ನಾಲ್ಕನೆಯ ಪಾಳಿ. ಪಂಚಾಯಿತಿ, ಹಾಲಿನ ಡೇರಿ, ಎರಡು ಚಹಾದ ಅಂಗಡಿ, ಬಸ್ ನಿಲ್ದಾಣ, ಹೀಗೆ ಐದು ಕಡೆ ಅಂಟಿಸಿದೆವು. ನನ್ನ ಜೀವನವೆಲ್ಲ ಮೂರು ಪಾಳಿಗಳಲ್ಲಿ ಕಳೆದಿದೆ. ಪಾಳಿ ಎಂಬ ಮಾತಿನಲ್ಲಿ ತಪ್ಪು ತಿಳಿಯಲು ಏನಾದರೂ ಇದೆಯೆಂದು ನನಗೆ ಹೊಳೆಯಲೇ ಇಲ್ಲ.

ಮಂಗಳವಾರ ಬೆಳಗಿನ ನಮಾಜು ಮುಗಿಸಿ, ಎಂಟಕ್ಕೆ ಹಾಜರಾದೆ. ಒಂಬತ್ತಕ್ಕೆ ಬ್ರೇಕರ್ ಹಾಕಿದರು. ಈ ಸಲ ಎರಡು ಸೆಕೆಂಡೂ ನಿಲ್ಲಲಿಲ್ಲ. ಹಿಂದಿನ ದಿನಕ್ಕಿಂತ ಬೇಗ ಬಿದ್ದಿತು. ಆಪರೇಟರ್ ನನ್ನ ಮುಖ ನೋಡಿದ, ನಾನು ರಿಲೇಯ ಮುಖ ನೋಡಿದೆ. ಶಾಖಾಧಿಕಾರಿಣಿ ತಮ್ಮ ಕಚೇರಿಯಿಂದ ಫೋನ್ ಮಾಡಿ, "ಇನ್ನ ಒಂದ ದಿವಸ ಕೈಯಾಗ ಐತ್ರಿ" ಎಂದಷ್ಟೇ ಹೇಳಿದರು.

ನೋಟೀಸು ಓದಿದ ಮೇಲೂ ಹೀಗೇಕೆ ಎಂದು ಕೇಳಲು ಲೈನ್‌ಮನ್‌ನ ಮೋಟಾರ್‌ಸೈಕಲ್ ಹತ್ತಿ ನೇರವಾಗಿ ತುದಿಗೆ ಹೋದೆ. ನಾಲ್ಕನೆಯ ಭಾಗದ ಕಟ್ಟಕಡೆಯ ಪಂಪು ಹಳ್ಳದ ದಂಡೆಯಲ್ಲಿದೆ. ಆ ಹೊಲದ ಒಡತಿ ಐವತ್ತರ ಹತ್ತಿರದ ಹೆಂಗಸು, ಉಳ್ಳಾಗಡ್ಡಿಯ ಮಡಿಗಳಲ್ಲಿ ಕಳೆ ತೆಗೆಯುತ್ತಿದ್ದಳು. ಅವಳ ಪೆಟ್ಟಿಗೆ ತೆರೆದೆ. ಆಟೋ ಚಾಲೂ ಇತ್ತು.

"ತಂಗಿ, ನೋಟೀಸ್ ಓದಿಲ್ಲೇನು?"

"ಓದೇನ್ರಿ. ಓದೇ ಆಟೋ ಹಾಕೇನಿ. ನಿನ್ನೆ ಹಾಕಿದ್ದಿಲ್ಲ."

"ಯಾಕ?"

"ಪಾಳಿ ಅಂತ ಬರದೀರಲ್ರಿ. ಪಾಳಿ ಅಂದ್ರ ಏನಂತ ನಮಗ ಹೇಳಿಕೊಡಬ್ಯಾಡ್ರಿ. ಪಾಳಿ ಅಂದ್ರ ತುದಿಯವ್ರಿಗೆ ಇಲ್ಲ ಅಂತ."

ಆಮೇಲೆ ಅವಳು ವಿವರಿಸಿದ್ದು ಇದು. ಈ ಭಾಗದಲ್ಲಿ ಪಾಳಿ ಎಂದರೆ ಕಾಲುವೆಯ ನೀರಿನ ಸರದಿ. ಮೊದಲ ಪಾಳಿಯವರ ಹೊಲ ತುಂಬಿದ ಮೇಲೆ ಎರಡನೆಯವರಿಗೆ, ಅವರದು ಮುಗಿದ ಮೇಲೆ ಮೂರನೆಯವರಿಗೆ. ಕಾಲುವೆಯ ತುದಿಗೆ ನೀರು ಮುಟ್ಟುವ ಹೊತ್ತಿಗೆ ಗೇಟು ಬಂದ್ ಆಗಿರುತ್ತದೆ. ನನ್ನ ನೋಟೀಸನ್ನು ಜನ ಹಾಗೆಯೇ ಓದಿದ್ದರು: ಇವತ್ತು ಮೊದಲ ಭಾಗಕ್ಕೆ ಕರೆಂಟು, ನಾಳೆ ಎರಡನೆಯದಕ್ಕೆ, ತುದಿಯವರಿಗೆ ದೇವರೇ ಗತಿ. ಆದ್ದರಿಂದ ಕರೆಂಟ್ ಬಂದ ಕ್ಷಣವೇ ಸಿಕ್ಕಷ್ಟು ಬಾಚಿಕೊಳ್ಳಬೇಕೆಂದು, ಎಂದೂ ಆಟೋ ಬಳಸದವರೂ ಅಂದು ಅದನ್ನು ಹಾಕಿದ್ದರು. ನಾನು ನೋಟೀಸು ಅಂಟಿಸಿ ಕೆಡಿಸಿದ್ದೆ.

ನಾನು ಅಲ್ಲೇ ಬದುವಿನ ಮೇಲೆ ಕುಳಿತು, ಹತ್ತು ನಿಮಿಷದ ಅಂತರ ಏಳುವುದಕ್ಕೆ ಮಾತ್ರ, ಎದ್ದ ಮೇಲೆ ಎಲ್ಲರಿಗೂ ನಾಲ್ಕರವರೆಗೆ ಇದೆ ಎಂದು ತಿಳಿಸಿ ಹೇಳಿದೆ. ಅವಳು ಕುಡುಗೋಲು ಕೆಳಗಿಟ್ಟು ಕೇಳಿಸಿಕೊಂಡಳು.

"ಅದಕ್ಕ ಪಾಳಿ ಅಂತಾರೇನ್ರಿ ಚಾಚಾರ? ಲಗ್ನದಾಗ ಊಟಕ್ಕ ಕುಂತಾಗ ಮೊದಲನೇದಾವ ಉಂಡು ಎದ್ದ ಮ್ಯಾಲ ಎರಡನೇದಾವಗ ನೀಡತಾರೇನು? ಸಾಲಾಗಿ ನೀಡಕೋಂತ ಹೋಗ್ತಾರ, ಎಲ್ಲಾರೂ ಕೂಡೇ ಉಣ್ತಾರ. ಇದು ಪಂಕ್ತಿ."

"ಪಂಕ್ತಿನ ಅನ್ನೂಣು ಬಿಡು."

"ನೀಡೂದು ಯಾವ ಕಡಿಯಿಂದ?"

"ಸಬ್‌ಸ್ಟೇಷನ್ ಕಡಿಯಿಂದ."

"ಹಂಗಾದ್ರ ನಮ್ಮ ತನಕಾ ಬರೂದ್ರಾಗ ಹೋಳಗಿ ಖಾಲಿ. ಯಾರೂ ನಂಬೂದಿಲ್ರಿ, ನಾನೂ ನಂಬೂದಿಲ್ಲ."

ಅವಳಿಗೆ ಹಗಲು ಕರೆಂಟು ಯಾರಿಗಿಂತಲೂ ಹೆಚ್ಚು ಬೇಕಾಗಿತ್ತು. ಕತ್ತಲಾದರೆ ಅವಳಿಗೆ ಕಣ್ಣು ಕಾಣುವುದಿಲ್ಲ. ಗಂಡ ಹೋಗಿ ಆರು ವರ್ಷ. ಹೋದ ವರ್ಷದವರೆಗೆ ರಾತ್ರಿ ನೀರು ಹಾಯಿಸಲು ಬರುತ್ತಿದ್ದ ಮೈದುನ ಈಗ ಹುಬ್ಬಳ್ಳಿಯಲ್ಲಿದ್ದಾನೆ. ರಾತ್ರಿಯ ವಾರ ಬಂದರೆ ಬೆಳೆ ಒಣಗುತ್ತದೆ. "ಯುಗಾದಿಗೆ ಹೊಲ ಲಾವಣಿಗೆ ಕೊಡು ಅಂತ ಬಾಜೂ ಹೊಲದಾಂವ ಎರಡು ಸರ್ತಿ ಬಂದು ಹೋದ. ನಿಮ್ಮ ಹಗಲು ನಿಂತ್ರ ನನ್ನ ಹೊಲ ನಾ ಮಾಡತೇನಿ. ನಿಲ್ಲಲಿಲ್ಲಂದ್ರ ವರ್ಷಾ ಅಂವಗ ಲಾವಣಿ, ನಾ ಅಂವನ ಹೊಲದಾಗ ಕೂಲಿ. ನಂದೇ ಹೊಲದಾಗ ಅನ್ರಿ."

ಲಾವಣಿ ಎಂದರೆ ವರ್ಷದ ಗುತ್ತಿಗೆ. ಇಷ್ಟು ಹೇಳಿ ಅವಳು ಮತ್ತೆ ಕಳೆಗೆ ಬಾಗಿದಳು.

ಹಿಂತಿರುಗುವಾಗ ನಾನು ಅವಳ ಮಾತನ್ನು ಲೈನಿನ ಲೆಕ್ಕಕ್ಕೆ ಹಚ್ಚಿ ನೋಡಿದೆ. ಒಂಬತ್ತು ಕಿಲೋಮೀಟರ್ ಓಡಿದ ಮೇಲೆ ವೋಲ್ಟೇಜ್ ತುದಿಯಲ್ಲಿ ಎಲ್ಲಕ್ಕಿಂತ ಕಡಿಮೆ. ಸಬ್‌ಸ್ಟೇಷನ್ ಹತ್ತಿರದವೆಲ್ಲ ಎದ್ದು ಓಡುತ್ತಿದ್ದರೆ ಇನ್ನೂ ಕಡಿಮೆ. ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ಬೇಗ ಏಳುವುದಿಲ್ಲ, ಒದ್ದಾಡುತ್ತದೆ, ಒದ್ದಾಡುವಷ್ಟು ಹೊತ್ತೂ ಐದು ಪಟ್ಟು ಕರೆಂಟ್ ಎಳೆಯುತ್ತದೆ. ಲೈನು ಖಾಲಿ ಇರುವಾಗಲೇ ತುದಿಯವು ಎದ್ದುಬಿಟ್ಟರೆ? ಆಮೇಲೆ ಅವು ಓಡುತ್ತಿರುತ್ತವೆ, ಹತ್ತಿರದವಕ್ಕೆ ವೋಲ್ಟೇಜಿನ ಕೊರತೆ ಎಂದೂ ಇಲ್ಲ. ನಾನು ಸಬ್‌ಸ್ಟೇಷನ್ನಿನಿಂದ ಎಣಿಸಿದ್ದು ಅಭ್ಯಾಸದಿಂದ. ನಮ್ಮ ನಕ್ಷೆಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ.

ತುದಿಯಿಂದ ಶುರು ಮಾಡುವುದೆಂದು ನಿರ್ಧರಿಸಿದೆ. ಶಾಖಾಧಿಕಾರಿಣಿಗೆ ಫೋನಿನಲ್ಲಿ ಕಾರಣ ಹೇಳಿದಾಗ ಅವರು, "ಪುಸ್ತಕದಾಗ ಇಲ್ಲ, ಆದ್ರ ತಪ್ಪೂ ಇಲ್ಲ. ಮಾಡ್ರಿ" ಎಂದರು.

ಹಳೆಯ ನೋಟೀಸುಗಳನ್ನು ನಾನೇ ಕಿತ್ತೆ. ಈ ಸಲ ಕಾಗದ ಅಂಟಿಸಲಿಲ್ಲ. ಸಂಜೆ ಐದಕ್ಕೆ ಡೇರಿಯ ಮುಂದೆ ಹಾಲು ಹಾಕಲು ಬಂದವರನ್ನು ನಿಲ್ಲಿಸಿ ಮಾತಾಡಿದೆ. ನಾಲ್ಕು ಭಾಗ, ಭಾಗಕ್ಕೊಬ್ಬರು ಮುಖ್ಯಸ್ಥರು. ಮೊದಲು ತುದಿಯವರು ಮೋಟಾರು ಹಾಕುವುದು. ಎಲ್ಲರದೂ ಎದ್ದಿತೆಂದು ಖಾತ್ರಿ ಮಾಡಿಕೊಂಡು ಅವರ ಮುಖ್ಯಸ್ಥರು ಮೂರನೆಯ ಭಾಗದವರಿಗೆ ಫೋನ್ ಮಾಡಿ ಹೇಳಬೇಕು. ಹಾಗೆಯೇ ಮೇಲಕ್ಕೆ. ತುದಿಯ ಮುಖ್ಯಸ್ಥೆ ಕಟ್ಟಕಡೆಯ ಪಂಪಿನವಳೇ ಆಗಬೇಕೆಂದು ದಂಡೆಯವರು ಕೂಗಿ ಹೇಳಿದರು. "ಫೋನಿನ್ಯಾಗ ಏನಂತ ಹೇಳ್ಲಿ?" ಎಂದು ಅವಳು ಕೇಳಿದ್ದಕ್ಕೆ ಯಾರೋ, "ನಮ್ದು ನೀಡಾತು ಅನ್ನು" ಎಂದರು. ಜನ ನಕ್ಕರು. ಮಾತು ಮಾತ್ರ ಉಳಿಯಿತು.

ಮೊದಲ ಹೊಲದ ರೈತ ನಗಲಿಲ್ಲ.

"ನೀರು ಮ್ಯಾಲಿಂದ ಕೆಳಗ ಹರಿತೈತಿ ಚಾಚಾ. ನಿಮ್ಮ ಕರೆಂಟ್ ಕೆಳಗಿಂದ ಮ್ಯಾಲ ಹರಿತೈತೇನು? ಲೈನ್ ಶುರು ಆಗೂದು ನನ್ನ ಹೊಲದಾಗ. ಕಂಬ ನನ್ನ ಹೊಲದಾಗ. ಅರ್ಧಾ ತಾಸು ನಾ ಯಾಕ ಕಾಯಬೇಕು?"

"ಮೂವತ್ತು ನಿಮಿಷ ಕಾದ್ರ ಆರೂವರಿ ತಾಸು ಸಿಗತೈತಿ."

"ನಂಗ ಹಂಗೂ ಸಿಗತೈತಿ ಬಿಡ್ರಿ."

ಬುಧವಾರ ಒಂಬತ್ತಕ್ಕೆ ಬ್ರೇಕರ್ ಹಾಕಿದಾಗ ಮುಳ್ಳು ಮೂವತ್ತು ಆಂಪಿಯರಿಗೆ ಏರಿ ನಿಂತಿತು. ಬೀಳಲಿಲ್ಲ. ಆದರೆ ಮೂವತ್ತು ಇರಬಾರದಿತ್ತು; ತುದಿಯವು ಮಾತ್ರ ಎದ್ದಿದ್ದರೆ ಇಪ್ಪತ್ತು. ಸಬ್‌ಸ್ಟೇಷನ್ ಕಡೆಯ ಮೊದಲ ಭಾಗದವರಲ್ಲಿ ಒಂದಿಷ್ಟು ಜನ ಆಟೋ ಬಿಟ್ಟಿಲ್ಲವೆಂದು ತಿಳಿಯಿತು. ಮೂರನೆಯ ಭಾಗ ಏಳುವಾಗ ಮುಳ್ಳು ಎರಡು ಸಲ ಮೇಲಕ್ಕೆ ಹೊಯ್ದಾಡಿತು. ಒಂಬತ್ತೂ ಹದಿನೇಳಕ್ಕೆ ಬ್ರೇಕರ್ ಬಿದ್ದಿತು.

ಇನ್ನು ಉಳಿದದ್ದು ಗುರುವಾರ, ಶುಕ್ರವಾರ, ಶನಿವಾರ. ಮೂರಕ್ಕೆ ಮೂರೂ ನಿಲ್ಲಬೇಕು.

ನಾನು ಕಾಂಪೌಂಡು ದಾಟಿ ಮೊದಲ ಹೊಲಕ್ಕೆ ಹೋದೆ. ಜಗಳ ಆಡಲಿಲ್ಲ. "ಅರ್ಧಾ ತಾಸು ನನ್ನ ಕೂಡ ಬಾ. ಕಾಯೂದು ಅಲ್ಲ, ತಿರಗಾಡೂದು" ಎಂದೆ. ಅವನ ಮೋಟಾರ್‌ಸೈಕಲ್ಲಿನಲ್ಲೇ ತುದಿಗೆ ಹೋದೆವು. ಹೊರಡುವ ಮೊದಲು ಆಪರೇಟರಿಗೆ, ಹತ್ತೂವರೆಗೆ ಒಂದೇ ಒಂದು ಸಲ ಹಾಕಬೇಕೆಂದು ಹೇಳಿದ್ದೆ. ದಿನ ಹೇಗೂ ಕೆಟ್ಟಿತ್ತು. ಇನ್ನೊಂದು ಟ್ರಿಪ್ಪಿನಿಂದ ಕಳೆಯುವುದೇನಿರಲಿಲ್ಲ. ತುದಿಯವಳ ಪೆಟ್ಟಿಗೆಗೆ ಮೀಟರ್ ಹಚ್ಚಿ, ಅದರ ಮುಖವನ್ನು ಅವನ ಕಡೆ ತಿರುಗಿಸಿ ಹಿಡಿದೆ. ಹತ್ತೂವರೆಗೆ ಕರೆಂಟ್ ಬಂದಿತು. ಅವಳು ಸ್ಟಾರ್ಟರ್ ಒತ್ತಿದಳು. ಮೋಟಾರು ಗುಂಯ್ ಎಂದು ಒಂದೇ ಸಮನೆ ನರಳಿತು, ತಿರುಗಲಿಲ್ಲ. ಮೀಟರಿನಲ್ಲಿ ಮುನ್ನೂರಾ ಐದು ವೋಲ್ಟ್ ಇತ್ತು. ನಾನೂರಕ್ಕೆ ಹತ್ತಿರ ಇರಬೇಕಾದದ್ದು. ಸುಟ್ಟ ವಾಸನೆ ಬರುವ ಮೊದಲೇ ನಾನು ಕೆಂಪು ಗುಂಡಿ ಒತ್ತಿಸಿದೆ. ಅಷ್ಟರಲ್ಲಿ ಲೈನೇ ಹೋಯಿತು.

"ಈಗ ಯಾರ ಮೋಟಾರ್ ಬಂದ್ ಆತು?" ಎಂದು ಅವನನ್ನು ಕೇಳಿದೆ.

"ಎಲ್ಲಾರ್ದು."

"ನಿಂದು?"

"ಎಲ್ಲಾರ್ದು ಅಂದ್ರ ನಂದೂ ಬಂತಲ್ರಿ."

ತುದಿಯವಳು ನಡುವೆ ಬಾಯಿ ಹಾಕಿದಳು. "ಏನೋ ಮೊದಲ ಹೊಲದ ಧಣಿ, ನಮ್ಮ ಮೋಟಾರ್ ಹಿಂಗ ನಳ್ಳೂದು ಎಂದರ ಕೇಳಿದ್ದೀಯೇನು? ನಿನ್ನ ಹೊಲಕ್ಕ ಕೇಳಸೂದಿಲ್ಲ ಬಿಡು, ದೂರ ಆಗತೈತಿ."

"ನಾ ಎಲ್ಲಿ ಬಂದಿದ್ದೆಬೇ ಇಲ್ಲೀತನಾ" ಎಂದ ಅವನು. ತಪ್ಪೊಪ್ಪಿಗೆಯ ಧ್ವನಿ ಅಲ್ಲ, ಆದರೆ ಹೊರಡುವಾಗ ಅವಳ ಪೆಟ್ಟಿಗೆಯಲ್ಲಿ ಬಿಚ್ಚಿಟ್ಟಿದ್ದ ಆಟೋ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆ ಸಂಜೆ ಅವನು ಮೊದಲ ಭಾಗದ ಐವತ್ತೆರಡು ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿಬಂದನೆಂದು ಲೈನ್‌ಮನ್ ಹೇಳಿದ. ಎಲ್ಲರನ್ನೂ ಬೈಯುತ್ತ ಹೋಗಿದ್ದನಂತೆ. ಹೇಗೆ ಹೋದರೇನು.

ಗುರುವಾರ ಬ್ರೇಕರ್ ಹಾಕಿದಾಗ ಮುಳ್ಳು ಸೊನ್ನೆಯಿಂದ ಒಂದೆರಡು ಗೆರೆಯಷ್ಟೇ ಎದ್ದಿತು. ನನಗೆ ಅದೇ ಬೇಕಾಗಿತ್ತು. ಎರಡು ನಿಮಿಷಕ್ಕೆ ನಿಧಾನವಾಗಿ ಏರತೊಡಗಿ ಇಪ್ಪತ್ತರಲ್ಲಿ ನಿಂತಿತು. ಹತ್ತು ನಿಮಿಷದ ಮೇಲೆ ನಲವತ್ತೊಂದು. ಆಮೇಲೆ ಅರವತ್ತು. ಒಂಬತ್ತೂ ಮೂವತ್ತೈದಕ್ಕೆ ಎಪ್ಪತ್ತೊಂಬತ್ತು. ಮೆಟ್ಟಿಲು ಹತ್ತಿದ ಹಾಗೆ. ಆಪರೇಟರ್ ಪ್ರತಿ ಮೆಟ್ಟಿಲನ್ನೂ ಲಾಗ್ ಪುಸ್ತಕದಲ್ಲಿ ಬರೆದ. ಹನ್ನೊಂದರ ಸುಮಾರಿಗೆ ಪ್ಲಾಂಟಿನ ಉತ್ಪನ್ನ ನಮ್ಮ ಫೀಡರಿನ ಬೇಡಿಕೆಯನ್ನು ದಾಟಿತು. ಇನ್ನೂರಾ ಹದಿನಾಲ್ಕು ಪಂಪು ಕುಡಿದು ಮಿಕ್ಕಿದ್ದು ಊರಿನ ಕಡೆ ತಿರುಗಿತು. ನಾಲ್ಕಕ್ಕೆ ಬಂದ್ ಮಾಡಿದೆವು.

ಶುಕ್ರವಾರವೂ ಅದೇ ಮೆಟ್ಟಿಲು. ಆದರೆ ಹನ್ನೊಂದೂ ಹತ್ತಕ್ಕೆ ಮೂರನೆಯ ಭಾಗದಿಂದ ಫೋನು ಬಂದಿತು: ಒಂದು ಕಂಬದ ಮೇಲೆ ಕಿಡಿ ಹಾರುತ್ತಿದೆ. ಜಂಪರು, ಅಂದರೆ ಕಂಬದ ಎರಡು ಬದಿಯ ತಂತಿ ಕೂಡಿಸುವ ತುಂಡು, ಸಡಿಲಾಗಿ ಸುಡುತ್ತಿತ್ತು. ಅದು ಕಿತ್ತು ಬಿದ್ದರೆ ಆಚೆಯವರಿಗೆ ಎರಡೇ ಫೇಸು ಉಳಿದು ಮೋಟಾರು ಸುಡುತ್ತವೆ. ಶಾಖಾಧಿಕಾರಿಣಿಗೆ ಫೋನ್ ಮಾಡಿದೆ.

"ಕೈಲೆ ಬಂದ್ ಮಾಡಿದ್ದು ಟ್ರಿಪ್ ಅಲ್ರಿ. ಆದ್ರ ಮತ್ತ ಹಾಕುವಾಗ ಬಿದ್ರ ಅದು ಟ್ರಿಪ್. ನೋಡ್ಕೋರಿ."

ಬ್ರೇಕರ್ ತೆಗೆಸಿದೆ, ಲೈನನ್ನು ಪೂರ್ತಿ ಬೇರ್ಪಡಿಸುವ ಐಸೋಲೇಟರ್ ಬಿಚ್ಚಿಸಿ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಕಂಬದ ಹತ್ತಿರ ಲೈನ್‌ಮನ್ ಆಗಲೇ ಬೆಲ್ಟು ಬಿಗಿದು ನಿಂತಿದ್ದ. "ಎರಡು ನಿಮಿಷದ ಕೆಲಸ ಚಾಚಾ" ಎಂದ. ಎರಡೂ ಬದಿಗೆ ತಂತಿಯನ್ನು ನೆಲಕ್ಕೆ ಕೂಡಿಸುವ ಅರ್ತ್ ಕೋಲು ಹಾಕದೆ ಏಣಿ ಮುಟ್ಟಬಾರದೆಂದೆ. ಒಣಗಿದ ಎರೆಯಲ್ಲಿ ಅರ್ತಿನ ಕಬ್ಬಿಣ ಸರಿಯಾಗಿ ಕಚ್ಚುವುದಿಲ್ಲ. ಪಕ್ಕದ ಹೊಂಡದಿಂದ ಎರಡು ಕೊಡ ನೀರು ತರಿಸಿ ಬುಡಕ್ಕೆ ಸುರಿಸಿದೆ. ಅವನು ಮೇಲೇರಿದ. ಕೆಲಸ ನಿಜಕ್ಕೂ ಎರಡು ನಿಮಿಷದ್ದಲ್ಲ, ಹದಿನೆಂಟು ನಿಮಿಷದ್ದು. ಒಟ್ಟು ಐವತ್ತು ನಿಮಿಷ ಹೋಯಿತು.

ಆ ಐವತ್ತು ನಿಮಿಷ ಇನ್ನೂರಾ ಹದಿನಾಲ್ಕು ಜನ ಅರ್ಧ ಹಾಯ್ದ ಮಡಿಗಳ ಪಕ್ಕ ಸಲಿಕೆ ಹಿಡಿದು ನಿಂತಿದ್ದರು. ಬೆಳಗಿನ ಒಂಬತ್ತು ಎಂದರೆ ಎಲ್ಲರಿಗೂ ಗೊತ್ತು. ನಡುಮಧ್ಯಾಹ್ನ ಹೇಳದೆ ಕೇಳದೆ ಬರುವ ಕರೆಂಟಿಗೆ ಯಾರು ಯಾವ ಕ್ರಮದಲ್ಲಿ ಏಳುತ್ತಾರೆ? ಕಂಬದ ಬುಡದಿಂದ ಮುಖ್ಯಸ್ಥರಿಗೆ ಫೋನ್ ಮಾಡಿದರೂ ಅವರು ಅಷ್ಟರಲ್ಲಿ ಇನ್ನೂರು ಹೊಲಗಳಿಗೆ ಸುದ್ದಿ ಮುಟ್ಟಿಸುವಂತಿರಲಿಲ್ಲ. ಕೋಲು ತೆಗೆಸಿ, ಲೈನ್‌ಮನ್ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿ, ಸಬ್‌ಸ್ಟೇಷನ್ನಿಗೆ ಬಂದು ಬೀಗ ತೆಗೆದೆ. ಹನ್ನೆರಡೂ ಹತ್ತಕ್ಕೆ ಆಪರೇಟರ್ ಬ್ರೇಕರ್ ಹಾಕಿದ.

ಮುಳ್ಳು ಎರಡು ಗೆರೆ ಎದ್ದು ಅಲ್ಲೇ ನಿಂತಿತು. ಒಂದು ನಿಮಿಷ. ಎರಡು. ಆಪರೇಟರ್ ಲಾಗ್ ಪುಸ್ತಕ ತೆರೆದು ಪೆನ್ನು ಹಿಡಿದ. ಇಪ್ಪತ್ತು. ಕಿಟಕಿಯಾಚೆ ಮೊದಲ ಹೊಲದ ರೈತ ಸ್ಟಾರ್ಟರ್ ಪೆಟ್ಟಿಗೆಗೆ ಬೆನ್ನು ಕೊಟ್ಟು, ಕೈಯಲ್ಲಿ ಫೋನ್ ಹಿಡಿದು ನಿಂತಿದ್ದ. ನಲವತ್ತೊಂದು. ಅರವತ್ತು. ಅವನ ಫೋನ್ ರಿಂಗಾಯಿತು. "ಹಾಂ, ನಿಮ್ದು ನೀಡಾತಲ್ಲ, ಸಾಕು ಇಡೊ" ಎಂದು ಅವನು ತಿರುಗಿ ಗುಂಡಿ ಒತ್ತಿದ. ಎಪ್ಪತ್ತೆಂಟು.

ಶನಿವಾರ ಬೆಳಿಗ್ಗೆ ಒಂಬತ್ತರ ಮೆಟ್ಟಿಲುಗಳನ್ನು ನೋಡಿ, ಶಾಖಾಧಿಕಾರಿಣಿಯನ್ನು ಕಂಟ್ರೋಲ್ ರೂಮಿನಲ್ಲಿ ಬಿಟ್ಟು, ನಾಲ್ಕೂ ಭಾಗಗಳಲ್ಲಿ ವೋಲ್ಟೇಜ್ ಬರೆದುಕೊಳ್ಳುತ್ತ ಹೊರಟೆ. ಸಹಿಯ ಕಾಗದಕ್ಕೆ ಈ ಅಂಕಿಗಳು ಬೇಕಾಗಿದ್ದವು. ಮೂರೂ ನಲವತ್ತಕ್ಕೆ ಕೊನೆಯ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಮೂರು ಫೇಸುಗಳ ನಡುವೆ ಮುನ್ನೂರಾ ತೊಂಬತ್ತಾರು, ತೊಂಬತ್ತೆಂಟು, ತೊಂಬತ್ತೈದು. ಫೋನಿನಲ್ಲಿ ಹೇಳಿದೆ, ಅವರು ಬರೆದುಕೊಂಡರು.

ತುದಿಯವಳು ಬಿಸಿಲಿನಲ್ಲಿ ಸಲಿಕೆಯಿಂದ ಮಡಿ ತಿರುವುತ್ತಿದ್ದಳು. ಹೊಲದ ಆ ಅಂಚಿನಿಂದ ಈ ಅಂಚಿನವರೆಗೆ ಮಣ್ಣು ಕಪ್ಪಗೆ ತೋಯ್ದಿತ್ತು. ಮೂಲೆಯಲ್ಲಿ ನಾಲ್ಕು ಮಡಿ ಮಾತ್ರ ಒಣಗಿದ್ದವು.

"ಚಾಚಾರ, ಬರೇ ನಾಕು ಮಡಿ ಉಳದಾವ್ರಿ. ಫೋನ್ ಹಚ್ಚಿ ಹತ್ತು ನಿಮಿಷ ತಡೀರಿ ಅನ್ರಿ ಮೇಡಮ್ಮಾರಿಗೆ."

"ನಾಕು ಅಂದ್ರ ನಾಕು, ತಂಗಿ."

"ನಿಮ್ಮ ಮನ್ಯಾಗ ಹ್ಯಾಂಗ ಬಾಳೇವು ಮಾಡತಾರೋ."

"ಗಡಿಯಾರ ನೋಡಿ ಮಾಡತಾರ."

ನಾಲ್ಕಕ್ಕೆ ಮೋಟಾರು ನಿಂತಿತು. ಪೈಪಿನ ನೀರು ಸಣ್ಣಗಾಗುತ್ತ ಹೋಗಿ ತೊಟ್ಟಿಕ್ಕತೊಡಗಿತು. ಐದು ನಿಮಿಷಕ್ಕೆ ಶಾಖಾಧಿಕಾರಿಣಿಯ ಫೋನು ಬಂದಿತು. "ಸಹಿ ಮಾಡೇನ್ರಿ. ನಾಳಿಂದ ಹಗಲು ಕಾಯಂ." ನಾನು ಅದನ್ನೇ ಅವಳಿಗೆ ಹೇಳಿದೆ. ಅವಳು "ಹೂಂ" ಎಂದು ಸಲಿಕೆಯ ಮಣ್ಣನ್ನು ಕಾಲಿನಿಂದ ಕೆರೆದಳು.

ಬಾಜೂ ಹೊಲದವನು ಬದುವಿನಾಚೆ ಎತ್ತು ಹೊಡೆದುಕೊಂಡು ಮನೆಗೆ ಹೊರಟಿದ್ದ. ನಿಂತು ಕೂಗಿದ. "ಏನಬೇ, ಲಾವಣಿ ಮಾತು ಏನ್ ಮಾಡ್ದಿ? ಯುಗಾದಿ ಬಂತ ನೋಡು."

"ಯಾವ ಲಾವಣಿ?" ಎಂದಳು ಅವಳು ತಲೆಯೆತ್ತದೆ. "ನಾಳೆ ಒಂಬತ್ತಕ್ಕ ಈ ನಾಕು ಮಡಿ ಹಾಯಬೇಕು. ನನಗ ಪುರಸೊತ್ತಿಲ್ಲ."

ನಾನು ಮೀಟರಿನ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿದೆ. ಸ್ಟಾರ್ಟರ್ ಬಂದ್ ಇರುವುದನ್ನು ಇನ್ನೊಮ್ಮೆ ನೋಡಿ, ಪೆಟ್ಟಿಗೆಯ ಬಾಗಿಲು ಮುಚ್ಚಿ ಚಿಲಕ ಹಾಕಿದೆ.